ಇಂದ್ರಮ್ಮನ ಕೈಯಲ್ಲಿದ್ದ ಟವೆಲ್

ಒಂಟಿಕೊಪ್ಪಲ್, ಮೈಸೂರು
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ಮುದ್ದು ಲಹರಿ,

ಚೆನ್ನಾಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡು ಶುರು ಮಾಡುತ್ತೇನೆ. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. 'ಅಮ್ಮ, ನನ್ನ ಫೋಟೋ ಸೆಲೆಕ್ಟ್ ಆಗಿದೆ, ಪ್ರದರ್ಶನ ಮೈಸೂರಿನಲ್ಲೇ!' ಎಂದು ನೀನು ಪೋಸ್ಟರ್ ಕಳಿಸಿದಾಗ ನಾನು ಒಂದು ಹೆಬ್ಬೆರಳ ಗುರುತನ್ನೂ ಒತ್ತಲಿಲ್ಲ. ಆಮೇಲೆ ಫೋನ್ ಮಾಡಿ ಮಾತಾಡಲು ಹೋದೆ, ಜಗಳವಾಯಿತು. ಫೋನಿನಲ್ಲಿ ನಮ್ಮಿಬ್ಬರಿಗೂ ಸರಿಹೋಗುವುದಿಲ್ಲ. ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಕ್ಲಾಸಿನ ದನಿ ತೆಗೆಯುತ್ತೇನೆ. ಅದಕ್ಕೇ ಈ ಕಾಗದ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಪೂರ್ತಿ ಓದು.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಶಾಮಣ್ಣ ಮಾವನಿಗೆ ಕಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟನ ಹಾಗೆ ಅಗ್ರಹಾರವೆಲ್ಲ ಸುತ್ತುತ್ತಾನೆ. ನಿನ್ನೆ ಇಲ್ಲಿಗೂ ಬಂದಿದ್ದ. "ಏನೇ ವೇದು, ನಿನ್ನ ಮನೆ ಗೋಡೆ ಇಷ್ಟು ಕೊಳಕಾಗಿತ್ತಾ? ಡಾಕ್ಟರಿಗೆ ಹೇಳಿ ಪೊರೆ ವಾಪಸ್ ಹಾಕಿಸ್ಕೋಬೇಕು ಕಣೇ" ಎಂದು ನಕ್ಕ. ನಿನ್ನ ಪೋಸ್ಟರನ್ನು ಅವನಿಗೆ ತೋರಿಸಲಿಲ್ಲ. ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ ನಡೆಯುತ್ತಿದೆ. ದಸರೆಗೆ ರಸ್ತೆ ಬದಿಯ ಗೋಡೆಗಳಿಗೆಲ್ಲ ಬಣ್ಣ ಬಳಿಯುತ್ತಿದ್ದಾರೆ. ನಿನ್ನಪ್ಪ ಇದ್ದಿದ್ದರೆ ನಿನ್ನ ಪೋಸ್ಟರನ್ನು ನೋಡಿ ಏನೆನ್ನುತ್ತಿದ್ದರೋ, ಯೋಚಿಸಿದರೆ ಬಗೆಹರಿಯುವುದಿಲ್ಲ. ಅವರು ಬೇಗ ಹೆಮ್ಮೆಪಡುತ್ತಿದ್ದರು, ಅಷ್ಟೇ ಬೇಗ ಕೋಪ ಮಾಡಿಕೊಳ್ಳುತ್ತಿದ್ದರು.

ಈಗ ಆ ಫೋಟೋ ವಿಷಯ.

ಜುಲೈನಲ್ಲಿ ನೀನು ಚೆನ್ನೈಯಿಂದ ರಜೆಗೆ ಬಂದಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಯಾರೋ ಸ್ನೇಹಿತರು ಫೋನ್ ಮಾಡಿ, ಸಿದ್ಧಾರ್ಥನಗರದಲ್ಲಿ ಕಟ್ಟುತ್ತಿದ್ದ ಮನೆಯ ತಾರಸಿ ಕುಸಿದು ಗಾರೆ ಕೆಲಸದವರು ಸಿಕ್ಕಿಕೊಂಡಿದ್ದಾರೆ ಎಂದರು. ಲೋಟ ಅಲ್ಲೇ ಬಿಟ್ಟು, ಪತ್ರಿಕೆಯ ಕಾರ್ಡು ಕ್ಯಾಮೆರಾ ಎರಡನ್ನೂ ಕತ್ತಿಗೆ ಹಾಕಿಕೊಂಡು, ನನ್ನ ಸ್ಕೂಟರ್ ತೆಗೆದುಕೊಂಡು ನೀನು ಓಡಿದೆ. ಮಧ್ಯಾಹ್ನ ಬಂದಾಗ ತಲೆಯಲ್ಲೆಲ್ಲ ಸಿಮೆಂಟಿನ ಧೂಳು. ಕಲಸಿಕೊಟ್ಟ ಸಾರನ್ನವನ್ನು ತಟ್ಟೆಯಲ್ಲೇ ಬಿಟ್ಟು ನೀನು ಎದ್ದುಹೋದೆ. ನೀನು ಕಲ್ಲುಮನಸ್ಸಿನವಳೆಂದು ನಾನು ಹೇಳುತ್ತಿಲ್ಲ. ಅದನ್ನು ಮೊದಲೇ ಬರೆದಿಡುತ್ತೇನೆ.

ಮರುದಿನ ಪತ್ರಿಕೆಯ ಮುಖಪುಟದಲ್ಲಿ ನೀನು ತೆಗೆದ ಫೋಟೋ ಬಂತು. ನೆಲಕ್ಕೆ ಕುಸಿದು ಎರಡೂ ಕೈ ಚಾಚಿ ಕೂಗುತ್ತಿರುವ ಹೆಂಗಸು. ಹಿಂದೆ ಧೂಳು, ಸೊಟ್ಟಗಾದ ಕಬ್ಬಿಣದ ಸರಳುಗಳು. ನೀಲಿ ಹೂವಿನ ನೈಟಿ, ಕತ್ತಿನ ಹತ್ತಿರ ಗುಂಡಿ ಕಿತ್ತುಹೋಗಿದೆ, ಕೆಳಗೆ ಮಂಡಿಯ ಮೇಲಕ್ಕೆ ಸರಿದಿದೆ. ಫೋಟೋದ ಅಡಿಯಲ್ಲಿ 'ಒಬ್ಬ ಕಾರ್ಮಿಕನ ಹೆಂಡತಿ' ಎಂದು ಬರೆದಿತ್ತು. ಈಗ ಅದೇ ಫೋಟೋ ಪ್ರದರ್ಶನದ ಪೋಸ್ಟರಿನಲ್ಲಿದೆ.

ಹೋದ ವಾರ ಅನುಪಮಾ ಮನೆಗೆ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬೇರೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕವಿತೆ ಓದುವಾಗ ಒಂದೊಂದು ಸಾಲಿನ ಕೊನೆಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ ಹುಡುಗಿ. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

"ಮೇಡಂ, ಲಹರಿ ವಾಗೀಶ ಅಂದ್ರೆ ನಿಮ್ಮ ಮಗಳೇ ಅಲ್ವಾ?"

"ಹೌದು ಕಣಮ್ಮ. ಯಾಕೆ?"

ಅವಳು ಫೋನ್ ತೆಗೆದು ಪೋಸ್ಟರ್ ತೋರಿಸಿದಳು. "ಇದು ನಮ್ಮಮ್ಮ."

"ನಿಮ್ಮ ತಂದೆ ಹೇಗಿದ್ದಾರೆ?" ಎಂದು ಕೇಳಿದೆ. "ಅಪ್ಪ ಬದುಕಿದಾರೆ. ಕಾಲಿಗೆ ರಾಡ್ ಹಾಕಿದಾರೆ. ಸಮಸ್ಯೆ ಅಪ್ಪಂದಲ್ಲ, ಅಮ್ಮಂದು" ಎಂದಳು.

ಅವಳ ಅಮ್ಮ ಪುಟ್ಟಲಿಂಗಮ್ಮ ಅಂಗನವಾಡಿ ಶಿಕ್ಷಕಿ. ಬೀದಿಯಲ್ಲಿ ದೊಡ್ಡವರೂ ಚಿಕ್ಕವರೂ ಅವರನ್ನು ಕರೆಯುವುದು 'ಮಿಸ್' ಎಂದೇ. ಫೋಟೋ ಬಂದ ಮೇಲೆ ಯಾರೋ ಕಿಡಿಗೇಡಿಗಳು ಅದನ್ನು ಕತ್ತರಿಸಿ ಮೊಬೈಲಿನಲ್ಲಿ ಸ್ಟಿಕ್ಕರ್ ಮಾಡಿ ಹರಿಬಿಟ್ಟಿದ್ದಾರೆ. 'ನೈಟಿ ಮಿಸ್' ಎಂದು ಹೆಸರಿಟ್ಟಿದ್ದಾರೆ. ಮಕ್ಕಳನ್ನು ಬಿಡಲು ಬರುವ ಅಪ್ಪಂದಿರ ಮುಖ ನೋಡಲಾರೆ ಎಂದು ಅವರು ಅಂಗನವಾಡಿಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಮೊದಲು ಗಂಡನ ಆರೈಕೆಗೆಂದು ರಜೆ ಹಾಕಿದರು. ಈಗ ಕೆಲಸವನ್ನೇ ಬಿಡುತ್ತೇನೆ ಎನ್ನುತ್ತಿದ್ದಾರಂತೆ.

"ಪೇಪರಿನದು ಹೇಗೋ ಹಳತಾಗ್ತಿತ್ತು ಮೇಡಂ. ಈಗ ಪೋಸ್ಟರ್ ಅಂದ್ರೆ ಬಸ್ ಸ್ಟಾಪಿನಲ್ಲೂ ಅಂಟಿಸ್ತಾರೆ. ನಮ್ಮೋರ ಮನೆ ಮಗು ರ‍್ಯಾಂಕ್ ಬಂದಾಗ ಒಬ್ಬ ಕ್ಯಾಮೆರಾದವನೂ ನಮ್ಮ ಕೇರಿ ಕಡೆ ತಲೆ ಹಾಕಲ್ಲ. ಬಿದ್ದಾಗ ಮಾತ್ರ ಓಡಿ ಬರ್ತಾರೆ." ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಒಂದು ಸಾರಿ ಲಹರಿಯವರಿಗೆ ಹೇಳ್ತೀರಾ?" ಎಂದಷ್ಟೇ ಕೇಳಿದಳು.

ಅವತ್ತೇ ನಿನಗೆ ಫೋನ್ ಮಾಡಿದ್ದು. ನೀನು ಹೇಳಿದ್ದೆಲ್ಲ ನೆನಪಿದೆ. "ಅಮ್ಮ, ನೈಟಿ ಒಂದು ಬಟ್ಟೆ ಅಷ್ಟೇ. ಅದರಲ್ಲಿ ನಾಚಿಕೆ ಏನಿದೆ? ನಿಮ್ಮಂಥವರೇ ಹೆಂಗಸರಿಗೆ ಮುಚ್ಚಿಕೋ ಮುಚ್ಚಿಕೋ ಅಂತ ಹೇಳಿ ಹೆದರಿಸಿಟ್ಟಿರೋದು." ಆಮೇಲೆ, "ಆ ಫೋಟೋ ಇಲ್ಲದಿದ್ದರೆ ಕಾಂಟ್ರಾಕ್ಟರ್ ಮೇಲೆ ಕೇಸೇ ಆಗ್ತಿರಲಿಲ್ಲ. ಅದು ನಿನಗೆ ಬೇಡವಾ?" ಬೇಕು ಲಹರಿ. ನಿನ್ನ ಮಾತು ನಿಜ, ಅದಕ್ಕೇ ನನಗೆ ಇಷ್ಟು ಸಿಟ್ಟು. ನೀನು ಪೂರ್ತಿ ತಪ್ಪಾಗಿದ್ದರೆ ಒಂದು ಸಲ ಬೈದು ಹಗುರವಾಗುತ್ತಿದ್ದೆ.

ನೀನು ಫೋನಿಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಅನುಪಮಾಳಿಗೆ ಹೇಳಿ ಗುರುವಾರ ಮಧ್ಯಾಹ್ನ ಸಿದ್ಧಾರ್ಥನಗರಕ್ಕೆ ಹೋದೆ.

ಗೇಟಿನ ಹತ್ತಿರ ಪಕ್ಕದ ಮನೆಯವರು, ಇಂದ್ರಮ್ಮ ಅಂತ, ಸೊಪ್ಪು ಬಿಡಿಸುತ್ತ ಕೂತಿದ್ದರು. ಅನುಪಮಾಳ ಮೇಡಂ ಎಂದದ್ದೇ ಬಾಯಿಬಿಟ್ಟರು. ಅವರು ಹೇಳಿದ್ದನ್ನು ನಾನು ಬದಲಾಯಿಸದೆ ಬರೆಯುತ್ತೇನೆ.

"ಅಯ್ಯೋ, ಆ ದಿನ ಏನ್ ಕೇಳ್ತೀರವ್ವ! ದಡಾರ್ ಅಂತ ಸಬ್ದ ಬಂತು. ಮಿಸ್ಸು ತಿಂಡಿ ಮಾಡ್ತಿದ್ರು, ಅಂಗೇ ಎದ್ದು ಓಡೋದ್ರು. ಅರ್ಧ ಗಂಟೆ ಆದ್ಮ್ಯಾಲೆ ನೋಡ್ತೀನಿ, ಮಿಸ್ಸಿನ ಮೈಮ್ಯಾಲೆ ಟವೆಲ್ ಇಲ್ಲ. ನಾನು ಮನೆಗ್ ಬಂದು ದಾರದ ಮೇಲಿದ್ದ ಟವೆಲ್ ಎಳ್ಕೊಂಡು ವಾಪಸ್ ಓಡ್ದೆ, ತಗಳಿ ಮಿಸ್ಸು ತಗಳಿ ಅಂತಾವ. ಅಷ್ಟೊತ್ಗೆ ಒಂದು ಹುಡುಗಿ, ಪ್ಯಾಂಟ್ ಹಾಕಿತ್ತು, ಕತ್ತಲ್ಲಿ ಕಾರ್ಡ್ ನೇತಾಕಿತ್ತು, ಫೋಟೋ ಇಡೀತಿತ್ತು. 'ಆಂಟಿ, ಒಂದ್ನಿಮಿಷ ಅಲ್ಲೇ ಇರಿ' ಅಂತು. ಕಾರ್ಡ್ ನೋಡಿ ಆಫೀಸ್ನೋರು ಅನ್ಕಂಡು ನಿಂತ್ಬುಟ್ಟೆ ಕಣವ್ವ. ಟವೆಲ್ ಇಡ್ಕಂಡು ಮರದಂಗೆ ನಿಂತ್ಬುಟ್ಟೆ. ಈಗ ನನ್ ಗಂಡ ಆಡ್ಕೋತಾನೆ, ನಿಂಗೆ ಕಾರ್ಡ್ ತೋರ್ಸುದ್ರೆ ಮನೆನೂ ಬರ್ಕೊಟ್ಬುಡ್ತೀಯ ಅಂತ."

ಲಹರಿ, ಇದನ್ನು ನೀನು ನನಗೆ ಹೇಳಿರಲಿಲ್ಲ.

ಟವೆಲ್ಲಿನ ವಿಷಯ ನಿನಗೆ ವಿವರಿಸಬೇಕಾಗಿಲ್ಲ. ಈ ಊರಿನ ಬೀದಿಗಳಲ್ಲೇ ನೀನು ಬೆಳೆದವಳು. ನೈಟಿಯ ಮೇಲೆ ಹೆಗಲಿಗೊಂದು ಟವೆಲ್ ಬಿದ್ದರೆ ಹೆಂಗಸು ಹಾಲಿನ ಬೂತಿಗೆ, ಸೊಪ್ಪಿನ ಗಾಡಿಗೆ, ಎದುರು ಮನೆಯ ಜಗಳಕ್ಕೂ ಹೋಗಬಹುದು. ಟವೆಲ್ ಇಲ್ಲದೆ ಗೇಟು ದಾಟುವ ಹಾಗಿಲ್ಲ. ಒರಟು ಬಟ್ಟೆಯ ಒಂದು ತುಂಡು, ಅದು ಏನನ್ನೂ ಸರಿಯಾಗಿ ಮುಚ್ಚುವುದೂ ಇಲ್ಲ. ಆದರೆ ಅದು ಬಿದ್ದ ಕೂಡಲೇ ಒಳಮನೆಯ ಹೆಂಗಸು ಬೀದಿಯ ಹೆಂಗಸಾಗುತ್ತಾಳೆ. 'ಈಗ ನನ್ನನ್ನು ನೋಡಬಹುದು' ಎಂದು ಅವಳು ಕೊಡುವ ಒಪ್ಪಿಗೆ ಅದು. ಈ ಕಟ್ಟಳೆ ಹುಚ್ಚು ಎಂದು ನೀನು ವಾದಿಸಬಹುದು. ನಾನೂ ಒಪ್ಪಿಯೇನು. ಆದರೆ ನಿನಗೆ ಬೇಡವಾದ ಕಟ್ಟಳೆಯನ್ನು ನಿನ್ನ ಮೈಮೇಲಿಂದ ಕಿತ್ತು ಎಸೆ. ಇನ್ನೊಬ್ಬಳ ಮೈಮೇಲಿಂದ, ಅವಳ ಗಂಡ ಕಲ್ಲುಮಣ್ಣಿನಡಿ ಇರುವಾಗ, ಅವಳನ್ನು ಕೇಳದೆ ಕೀಳುವುದಕ್ಕೆ ಏನೆನ್ನುತ್ತಾರೆ?

ಒಳಗೆ ಹೋದೆ, ಅನುಪಮಾ ಕಾಯುತ್ತಿದ್ದಳು. ಪುಟ್ಟಲಿಂಗಮ್ಮ ತಕ್ಷಣ ಬರಲಿಲ್ಲ. ಒಳಕೋಣೆಯ ಬಾಗಿಲು ಹಾಕಿತ್ತು. ಮುಂದಿನ ಕೋಣೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವರ ಗಂಡ ಚೆಲುವರಾಜು, "ಕೂತ್ಕಳಿ ಮೇಡಮ್ಮೋರೇ, ಮಿಸ್ಸು ಮೇಕಪ್ ಮಾಡ್ಕೊತಾವ್ರೆ" ಎಂದು ನಗಲು ನೋಡಿದರು. ಆಮೇಲೆ ದನಿ ತಗ್ಗಿಸಿ, "ತಾರಸಿ ಬಿದ್ದಿದ್ದು ನನ್ ಮ್ಯಾಲೆ. ಏಳಕ್ಕಾಗ್ದೆ ಇರೋದು ಇವ್ಳು" ಎಂದರು.

ಪುಟ್ಟಲಿಂಗಮ್ಮ ಬಂದರು. ಮನೆಯೊಳಗೆ, ಮಧ್ಯಾಹ್ನದ ಸೆಕೆಯಲ್ಲಿ, ಗಂಜಿ ಹಾಕಿದ ಹತ್ತಿ ಸೀರೆ. ನೆರಿಗೆ ಒಂದೊಂದೂ ಕೂತಿದೆ, ಸೆರಗಿಗೆ ಭುಜದಲ್ಲೂ ಸೊಂಟದಲ್ಲೂ ಪಿನ್ನು. ನನಗಿಂತ ಸ್ವಲ್ಪ ದೊಡ್ಡವರಿರಬಹುದು. ನಾನು ಅವರಿಗೆ ಕೈ ಮುಗಿದೆ. ಪತ್ರಿಕೆಯವರ ಪರಿಚಯವಿರುವ ಮೇಡಂ ಎಂದಷ್ಟೇ ಅನುಪಮಾ ಅವರಿಗೆ ಹೇಳಿದ್ದಳು. ನನ್ನ ಮಾನ ಉಳಿಸಲು ಹಾಗೆ ಮಾಡಿದ್ದಳು, ಪಾಪ. ಪುಟ್ಟಲಿಂಗಮ್ಮ, "ಮೇಡಂ, ನೀವು ಹೇಳಿದ್ರೆ ತೆಗೀತಾರಾ?" ಎಂದು ಕೇಳಿದರು. ಆ ನಂಬಿಕೆಯನ್ನು ಇಟ್ಟುಕೊಂಡು ಕೂರಲು ನನ್ನಿಂದಾಗಲಿಲ್ಲ.

"ಆ ಫೋಟೋ ತೆಗೆದವಳು ನನ್ನ ಮಗಳು" ಎಂದೆ.

ಅನುಪಮಾ ತಲೆ ತಗ್ಗಿಸಿದಳು. ಚೆಲುವರಾಜು ಗೋಡೆಯ ಕಡೆ ತಿರುಗಿದರು. ಪುಟ್ಟಲಿಂಗಮ್ಮ ಭುಜದ ಪಿನ್ನನ್ನು ಮತ್ತೊಮ್ಮೆ ಒತ್ತಿ ನೋಡಿಕೊಂಡರು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಹುಡುಗಿ ಅವತ್ತು ಅಳ್ತಿತ್ತು ಮೇಡಂ" ಎಂದರು. "ಕ್ಯಾಮೆರಾ ಹಿಂದೆ ಅಳ್ತಾ ಇತ್ತು. ಕಣ್ಣೀರು ಕೆನ್ನೆ ಮೇಲೆ ಇಳೀತಿತ್ತು, ನಾನು ನೋಡ್ದೆ. ನನಗೆ ಅದೇ ತಿಳಿಯಲ್ಲ. ಅಷ್ಟು ಕರುಣೆ ಇದ್ದೋಳು, ಆ ಟವೆಲ್ ಈಸ್ಕೊಂಡು ನನ್ನ ಮೇಲಾಕಿ, ಆಮೇಲೆ ತೆಗೀಬಹುದಿತ್ತಲ್ವಾ? ನನ್ನ ಅಳು ಎಲ್ಲಿಗೆ ಹೋಗ್ತಿತ್ತು? ಅಷ್ಟೇ ಇರ್ತಿತ್ತು."

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರೆ.

ಆಮೇಲೆ ಅವರೇ ಎದ್ದು ಮಜ್ಜಿಗೆ ತಂದುಕೊಟ್ಟರು. ಹೊರಡುವಾಗ ಬಾಗಿಲವರೆಗೂ ಬಂದರು. "ನಿಮ್ಮ ಮಗೀನ ಒಂದಿನ ಕರ್ಕೊಂಡ್ ಬನ್ನಿ. ನಾನು ಇಂಗೇ ಸೀರೆ ಉಟ್ಕೊಂಡು ಅಂಗನವಾಡಿಲಿ ಕೂತ್ಕೋತೀನಿ, ಮಕ್ಕಳ ಜೊತೆ. ಇನ್ನೊಂದು ತೆಗೀಲಿ" ಎಂದರು. ಒಳಗಿನಿಂದ ಚೆಲುವರಾಜು ಕೂಗಿದರು: "ಅದ್ನ ಯಾವ ಪೇಪರ್ನೋನು ಹಾಕ್ತಾನೆ ಕಣೇ? ನೀನು ಬಿದ್ದು ಒದ್ದಾಡುದ್ರೆ ತಾನೇ ಅವ್ರಿಗೆ ಪೇಪರು!" ಪುಟ್ಟಲಿಂಗಮ್ಮ ನಗಲಿಲ್ಲ. ಅವರು ಕ್ಷಮಿಸಿ ಹಾಗೆಂದರೋ, ನನ್ನ ಮುಖಕ್ಕೆ ಹೊಡೆದ ಹಾಗೆ ಅಂದರೋ ನನಗೆ ಗೊತ್ತಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿ ಅಡುಗೆ ಮಾಡಿ, ಊಟ ಮಾಡಿ ಬಂದೆ. ಓದಿ ನೋಡಿದರೆ ಕಾಗದ ತೀರ್ಪಿನ ಹಾಗಿದೆ. ಆದರೂ ಹರಿದುಹಾಕುವುದಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಯೋಚನೆ ಬಂತು. ನಾನು ಜೀವಮಾನವೆಲ್ಲ ಕವಿತೆ ಓದಿಕೊಂಡು, ಓದಿಸಿಕೊಂಡು ಬಂದವಳು. ಕವಿಗಳೂ ಬೇರೆಯವರ ಸಂಕಟವನ್ನು ಎತ್ತಿಕೊಂಡೇ ಬರೆಯುತ್ತಾರೆ, ಹಾಗಿದ್ದರೆ ನನ್ನ ಮಗಳನ್ನು ಮಾತ್ರ ಏಕೆ ಕೇಳಬೇಕು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಆದರೆ ಕವಿತೆಯಲ್ಲಿ ಅಳುವ ಹೆಂಗಸು ಮರುದಿನ ಅದೇ ಮುಖ ಹೊತ್ತುಕೊಂಡು ಅಂಗನವಾಡಿಗೆ ಹೋಗಬೇಕಾಗಿಲ್ಲ. ಪುಟ್ಟಲಿಂಗಮ್ಮ ಹೋಗಬೇಕು.

ಮತ್ತೆ ಇಂದ್ರಮ್ಮನ ಮಾತು ಕಿವಿಯಲ್ಲೇ ಕೂತಿತ್ತು. ನಾವು ಫೋಟೋ 'ತೆಗೆಯುತ್ತೇವೆ' ಎನ್ನುತ್ತೇವೆ. ಅವರು 'ಹಿಡಿಯುವುದು' ಎನ್ನುತ್ತಾರೆ. ಆ ಬೆಳಿಗ್ಗೆ ಒಂದು ಹೆಂಗಸನ್ನು ನೀನು ಹಿಡಿದೆ. ಅವರು ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದಾರೆ. ಚೆಲುವರಾಜುವನ್ನು ಸಾಯಂಕಾಲದೊಳಗೆ ಹೊರಗೆ ತೆಗೆದರು. ಅವರ ಹೆಂಡತಿಯನ್ನು ಯಾರು ತೆಗೆಯಬೇಕು?

ಪೋಸ್ಟರ್ ಮೊಬೈಲಿನಲ್ಲಿ ಮಾತ್ರ ಓಡಾಡುತ್ತಿದೆ, ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಪ್ರದರ್ಶನದವರ ಆಫೀಸಿನಲ್ಲಿ ಹೇಳಿದರು. ಹೌದು, ನಾನೇ ಫೋನ್ ಮಾಡಿ ಕೇಳಿದೆ. ನಿನ್ನ ತಾಯಿ ಎಂದು ಹೇಳಲಿಲ್ಲ, ಹೆದರಬೇಡ. ಅಂದರೆ ನೀನು ಹೇಳಿದರೆ ಈಗಲೂ ನಿಲ್ಲುತ್ತದೆ. ನಾನು ಕೇಳುವುದು ಇಷ್ಟೇ. ನೀನೇ ಬಾ. ಕ್ಯಾಮೆರಾ ಬಿಟ್ಟು ಬಾ. ಸಿದ್ಧಾರ್ಥನಗರಕ್ಕೆ ಹೋಗಿ, ಅವರ ಎದುರು ಕೂತು, 'ಈ ಫೋಟೋ ಗೋಡೆಗೆ ಹಾಕಲಾ?' ಎಂದು ಕೇಳು. ಅವರು ಹೂಂ ಎಂದರೆ ಹಾಕು. ನಾನೇ ಮುಂದೆ ನಿಂತು ಚಪ್ಪಾಳೆ ತಟ್ಟುತ್ತೇನೆ. ಬೇಡ ಎಂದರೆ ಹೆಸರು ಬರಲಿ ಬಹುಮಾನ ಬರಲಿ, ಇಳಿಸಿಬಿಡು. ಕೇಳದೆಯೇ ಹಾಕಿದರೆ ನಾನು ಉದ್ಘಾಟನೆಗೆ ಬರುವುದಿಲ್ಲ. ನಿನ್ನ ಮೊದಲ ಪ್ರದರ್ಶನ, ನಮ್ಮೂರಿನಲ್ಲೇ. ನಾನು ಬರದಿದ್ದರೆ ಶಾಮಣ್ಣ ಊರೆಲ್ಲ ಕಾರಣ ಕೇಳುತ್ತಾನೆ. ಕೇಳಲಿ.

'ಆ ನಿಮಿಷ ಹೋದರೆ ಮತ್ತೆ ಸಿಗುವುದಿಲ್ಲ ಅಮ್ಮ' ಎಂದು ನೀನು ಯಾವಾಗಲೂ ಹೇಳುತ್ತೀಯ. ಸಿಗದಿದ್ದರೆ ಸಿಗದೇ ಹೋಗಲಿ ಲಹರಿ. ಕೈಬಿಟ್ಟ ಫೋಟೋಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅಂಥ ಒಂದಾದರೂ ನಿನ್ನ ಪಾಲಿಗಿರಲಿ ಎಂದು ನನ್ನ ಆಸೆ.

ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೂ ಒಂದೊಂದು ಮಾತನ್ನೂ ನಿನ್ನ ತಲೆ ಸವರುತ್ತಲೇ ಬರೆದಿದ್ದೇನೆ ಎಂದು ತಿಳಿ. ನಿನ್ನ ಕಣ್ಣು ಚುರುಕಾಗಿರಲಿ, ಕೈ ಮೆತ್ತಗಿರಲಿ. ನೂರು ವರ್ಷ ಸುಖವಾಗಿರು ಕಂದ. ಫೋನಿನಲ್ಲಿ ನಿನ್ನ ದನಿ ಕಟ್ಟಿದ ಹಾಗಿತ್ತು, ಗಂಟಲು ನೋವಿಗೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಮಾತ್ರೆ ನುಂಗಿ ಕೂರಬೇಡ.

ನಿನ್ನ ಅಮ್ಮ,
ವೇದವತಿ

ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಗೆ ಉಳಿಸಿಕೊಂಡ ಮಾತು:

ನಿನ್ನಪ್ಪ ಹೋದ ಬೆಳಿಗ್ಗೆ ನಾನು ಅಡುಗೆಮನೆಯ ನೆಲದ ಮೇಲೆ ನೈಟಿಯಲ್ಲೇ ಬಿದ್ದುಕೊಂಡಿದ್ದೆ. ಮೈಮೇಲೆ ಏನಿದೆ ಏನಿಲ್ಲ ಎನ್ನುವ ಎಚ್ಚರ ನನಗಿರಲಿಲ್ಲ. ಅವರು ಅಂಕಣ ಬರೆಯುತ್ತಿದ್ದ ಪತ್ರಿಕೆಯಿಂದ ಒಬ್ಬ ಫೋಟೋದವನು ಬಂದ. ನೀನು ನಿನ್ನ ದುಪಟ್ಟಾ ತೆಗೆದು ನನ್ನ ಮೈಮೇಲೆ ಹೊದಿಸಿದೆ. ಹೊಸಿಲಲ್ಲಿ ಎರಡೂ ಕೈ ಅಡ್ಡ ಹಿಡಿದು, "ಅಮ್ಮ ಸೀರೆ ಉಟ್ಟುಕೊಳ್ಳೋವರೆಗೂ ಯಾರೂ ಒಳಗೆ ಬರಬೇಡಿ" ಎಂದೆ. ಆ ಮನುಷ್ಯ, "ಒಂದ್ನಿಮಿಷ ಅಷ್ಟೇ ಮೇಡಂ" ಎಂದಾಗ, "ಒಂದು ನಿಮಿಷವೂ ಇಲ್ಲ" ಎಂದು ಬಾಗಿಲು ಹಾಕಿದೆ. ನನಗೆ ಬೇರೇನೂ ನೆನಪಿಲ್ಲ, ಅದು ಮಾತ್ರ ನೆನಪಿದೆ.

ಆದ್ದರಿಂದ ನಿನಗೆ ಗೊತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳಲಾರೆ. ನಿನಗೆ ಗೊತ್ತಿತ್ತು. ಒಂಟಿಕೊಪ್ಪಲಿನ ಹೆಂಗಸಿಗೆ ಬಾಗಿಲು, ಸಿದ್ಧಾರ್ಥನಗರದ ಹೆಂಗಸಿಗೆ 'ಒಂದ್ನಿಮಿಷ ಅಲ್ಲೇ ಇರಿ'. ಈ ಭೇದವನ್ನು ನಿನಗೆ ಯಾರು ಕಲಿಸಿದರು ಲಹರಿ? ಈ ಮನೆಯಲ್ಲಿ ನಿನಗೆ ಕಲಿಸಲು ಇದ್ದವಳು ನಾನೊಬ್ಬಳು, ನಿನ್ನಪ್ಪ ಒಬ್ಬರು. ಅವರನ್ನು ಕೇಳುವ ಹಾಗಿಲ್ಲ.